ಒಂದು ಬೆರಳಿನ ಸ್ಟೇರಿಂಗ್

ಹದಿನೆಂಟು ಸಾವಿರಕ್ಕೆ ತಂದ ಗಾಡಿ, ಇಪ್ಪತ್ತನಾಲ್ಕಕ್ಕೆ ಮಾತಾಗಿತ್ತು. ಲಾಭ ಕೈಗೆ ಬರುವ ಹೊತ್ತಿಗೆ ಎಲ್ಲೋ ಏನೋ ಸೋರತೊಡಗುವುದು ನನ್ನ ವ್ಯಾಪಾರದಲ್ಲಿ ಹೊಸದಲ್ಲ. ನನ್ನ ಬೆಲ್ಲದ ಅಂಗಡಿಯಲ್ಲಾದರೆ ಮಳೆಗಾಲಕ್ಕೆ ಬೆಲ್ಲ ಸೋರುತ್ತದೆ. ಈ ಸಲ ಎಣ್ಣೆ.

ಎಪ್ಪತ್ತರ ದಶಕದ ಮಾತು. ಮಡಗಾಂವದ ಶ್ರೀಮಂತನೊಬ್ಬ ತನ್ನ ಉದ್ದನೆಯ ಅಮೆರಿಕದ ಕಾರು ಮಾರಲು ನಿಂತಿದ್ದ. ಅಂಗಡಿಯ ಅರ್ಧ ಬಂಡವಾಳ ಸುರಿದು ಕೊಂಡೆ. ಗಿರಾಕಿ ಮೊದಲೇ ಗೊತ್ತಿತ್ತು: ಖಾನಾಪುರದ ಕಟ್ಟಿಗೆ ವ್ಯಾಪಾರಿ. ಅವರದು ಒಂದೇ ಕರಾರು.

"ಸ್ಟೇರಿಂಗ್ ಒಂದ ಬೆರಳಿಲೆ ತಿರಗತೈತಿ ಅಂತ ಕೇಳೇನ್ರಿ. ತಿರಗಿದ್ರ ರೊಕ್ಕಾ, ಇಲ್ಲಂದ್ರ ರಾಮ್ ರಾಮ್. ರವಿವಾರ ತರ್ರಿ."

ಕೆಂಪು ಹನಿ

ಹಿಂದವಾಡಿಯ ನಮ್ಮ ಅಂಗಳದಲ್ಲಿ ಗಾಡಿ ನಿಂತ ಮರುದಿನವೇ ಅದರ ಹೊಟ್ಟೆಯ ಕೆಳಗೆ ಕೆಂಪು ಹನಿಗಳು. ಕಸ ಹೊಡೆಯುತ್ತಿದ್ದ ಹೆಂಡತಿ ಕಸಬರಿಗೆ ಬಿಸಾಕಿ ಕೂಗಿದಳು, "ಇಲ್ಲಿ ಬರ್ರಿ! ಯಾರೋ ಮಾಟಾ ಮಾಡ್ಯಾರ, ರಕ್ತಾ ಚೆಲ್ಲ್ಯಾರ!"

ಬೆರಳಿಗೆ ಹಚ್ಚಿ ಮೂಸಿದೆ. ಎಣ್ಣೆ. ಗಾಡಿ ಚಾಲೂ ಮಾಡಿ ಸ್ಟೇರಿಂಗ್ ತಿರುಗಿಸಿದರೆ ಎಮ್ಮೆಯಂತೆ ನರಳಿತೇ ಹೊರತು ಹೊರಳಲಿಲ್ಲ.

"ರಕ್ತಾ ಅಲ್ಲ, ಎಣ್ಣಿ" ಎಂದೆ.

"ಮತ್ತ ನಿಮ್ಮ ಮಾರಿ ಯಾಕ ಹಿಂಗ ಬೆಳ್ಳಗಾತು?"

"ರಕ್ತಾ ಆಗಿದ್ರ ಒಂದು ನಿಂಬಿಹಣ್ಣಿನಾಗ ಮುಗೀತಿತ್ತು."

ಇಬ್ಬರು ವೈದ್ಯರು

ದಂಡಿನ ಕ್ಯಾಂಪಿನ ಗಾಡಿ ಮಿಸ್ತ್ರಿಯೊಬ್ಬ ಬಾನೆಟ್ ಎತ್ತಿ, ಬಹಳ ಹೊತ್ತು ತಲೆ ಒಳಗಿಟ್ಟು, ಕಡೆಗೆ ಹೊರಗೆ ತೆಗೆದ.

"ಸಾವಕಾರ್ರ, ಇಲ್ಲೊಂದು ಪಂಪ್ ಐತಿ. ಬೆಲ್ಟ್ ಅದನ್ನ ತಿರಗಸತೈತಿ, ಪಂಪ್ ಎಣ್ಣಿ ಒತ್ತತೈತಿ, ಆ ಜೋರಿಗೆ ಸ್ಟೇರಿಂಗ್ ಹಗರಾಗತೈತಿ. ಪಂಪ್ ಹೋಗೇತಿ. ಮುಂಬೈದಿಂದ ತರಸಬೇಕು. ಎರಡೂವರಿ ಸಾವಿರ."

"ಸೋರೂದು ಪಂಪಿನಿಂದನ ಅಂತ ಹೆಂಗ ಗೊತ್ತಾತು?"

"ಅಲ್ಲೆ ಎರಡೂವರಿ ಸಾವಿರದ್ದು ಅದೊಂದ ಐತ್ರಿ."

ನಮ್ಮ ಬೆಲ್ಲ ಹೇರುವ ಲಾರಿಯ ಡ್ರೈವರ್ ನಕ್ಕ. "ಡೀಸಲ್ ಟಾಕಿ ಸೋರಿದ್ರ ಏನ್ ಮಾಡತೇವ್ರಿ? ಸಾಬಾಣ ಮೆತ್ತತೇವಿ!" ಅರಿವೆ ಒಗೆಯುವ ಸಾಬೂನನ್ನು ನೀರಲ್ಲಿ ಕಲಸಿ, ಎಣ್ಣೆ ಕಂಡಲ್ಲೆಲ್ಲ ಮೆತ್ತಿದ. ಖರ್ಚು ಕಡಿಮೆ, ನಾನೂ ಒಪ್ಪಿದೆ. ಗಾಡಿಯ ಜೊತೆ ಬಂದಿದ್ದ ಡಬ್ಬಿಯ ಎಣ್ಣೆ ಅರ್ಧ ಸುರಿದು, ಪರೀಕ್ಷೆಗೆಂದು ಪೇಟೆಗೆ ಹೊರಟೆವು. ನಡುವೆ ಜಿಟಿಜಿಟಿ ಮಳೆ ಹಿಡಿಯಿತು. ಚೌಕಿನಲ್ಲಿ ನಿಂತಾಗ ಗಾಡಿಯ ಮೂತಿಯಿಂದ ಬುಳುಬುಳು ನೊರೆ. ಮಂದಿ ನೆರೆದರು. ಸಂತೆಗೆ ಬಂದಿದ್ದ ಬೀಡಿ ಊರಿನ ಮುದುಕನೊಬ್ಬ ಗಾಡಿಯ ಮೈ ಸವರಿ ನನಗೆ ಸಮಾಧಾನ ಹೇಳಿದ:

"ಕಾಲುಬಾಯಿ ಬ್ಯಾನಿ ಐತ್ರಿ ಇದು. ದನದ ಡಾಕ್ಟರಗ ತೋರಸ್ರಿ."

ವಿಭೂತಿ

ಶನಿವಾರ ಬಂತು. ನಾಳೆ ಗಿರಾಕಿ ಕೈಬಿಟ್ಟರೆ ಅಷ್ಟು ದೊಡ್ಡ ಗಾಡಿಯಲ್ಲಿ ಬೆಲ್ಲ ಹೇರಿ ಮಾರುವುದೊಂದೇ ಬಾಕಿ. ಸಾಬೂನು, ಎಣ್ಣೆ ಎಲ್ಲ ತೊಳೆದು, ಇಂಜಿನ್ ಒರೆಸಿ ಒಣಗಿಸಿ, ಡಬ್ಬಿಯಲ್ಲಿ ಉಳಿದ ಎಣ್ಣೆ ತುಂಬಿದೆ. ಅಷ್ಟರಲ್ಲಿ ಅವ್ವ ಬಂದಳು. ಸೊಸೆ ಹೇಳಿದ ಮಾಟದ ಮಾತು ಅವಳ ತಲೆಯಿಂದ ಇನ್ನೂ ಹೋಗಿರಲಿಲ್ಲ. ಹಿಡಿ ವಿಭೂತಿ ಪುಡಿ ಮಾಡಿ ಇಂಜಿನ್ನಿಗೆಲ್ಲ ಉದುರಿಸಿದಳು.

"ಈಗ ಚಾಲೂ ಮಾಡಿ ಎಡಕ್ಕ, ಬಲಕ್ಕ ಹೊಳ್ಳಸು. ದೃಷ್ಟಿ ತಗಿಯೂಮುಂದ ಕೂಸಿನ ಮಾರಿ ಹೊಳ್ಳಸೂದಿಲ್ಲೇನು?"

ಹೊರಳಿಸಿದೆ. ಫ್ಯಾನ್ ಬೀಸಿದ ಗಾಳಿಗೆ ಅರ್ಧ ವಿಭೂತಿ ಅವ್ವನ ಮುಖಕ್ಕೇ ಬಡಿಯಿತು. ಉಳಿದರ್ಧ ಕೆಲಸ ಮಾಡಿತ್ತು. ಗಾಡಿ ಬಂದ್ ಮಾಡಿ ಬಗ್ಗಿ ನೋಡಿದರೆ ಪಂಪಿನ ಮೇಲೆ ಬೂದಿ ಬೆಳ್ಳಗೆ ಒಣಗಿಯೇ ಇದೆ. ಪಂಪಿಗೆ ಎಣ್ಣೆ ವಾಪಸ್ ಬರುವ ರಬ್ಬರ್ ಪೈಪಿನ ತುದಿಯಿಂದ ಮಾತ್ರ ಒಂದು ಕೆಂಪು ಗೆರೆ ಇಳಿದಿದೆ. ಬಿರಿದ ತುದಿಯನ್ನು ಒಂದಿಂಚು ಕತ್ತರಿಸಿ, ಹೊಸ ಕ್ಲಿಪ್ ಬಿಗಿದು, ಹೊಸ ಎಣ್ಣೆ ಹಾಕಿದೆ. ಕ್ಲಿಪ್ಪಿಗೆ ಎರಡು ರೂಪಾಯಿ, ಎಣ್ಣೆಗೆ ಮೂವತ್ತು. ಸ್ಟೇರಿಂಗ್ ಬೆಣ್ಣೆಯಾಯಿತು.

"ನೋಡು, ಮಾಟಾ ಇಳೀತು" ಎಂದಳು ಅವ್ವ.

"ಪೈಪ್ ಒಡದಿತ್ತವ್ವಾ."

"ಒಡದವರ್ಯಾರು?"

ಖಾನಾಪುರ

ರವಿವಾರ ದಾರಿಯುದ್ದಕ್ಕೂ ನಿಲ್ಲಿಸಿ ನಿಲ್ಲಿಸಿ ಗಾಡಿಯ ಕೆಳಗೆ ಇಣುಕಿದೆ. ಹನಿ ಇರಲಿಲ್ಲ; ಧೈರ್ಯವೂ ಇರಲಿಲ್ಲ. ಗಿರಾಕಿ ತಮ್ಮ ಕಟ್ಟಿಗೆ ಅಡ್ಡೆಯಲ್ಲಿ ಆಳುಗಳನ್ನೆಲ್ಲ ಸಾಲಾಗಿ ನಿಲ್ಲಿಸಿ, ಸ್ಟೇರಿಂಗಿಗೆ ಕಿರುಬೆರಳು ಕೊಟ್ಟರು. ಬಾಜೂ ಕುಳಿತ ನಾನು ಕಿಡಕಿಯಿಂದ ಬಗ್ಗಿ ನೆಲ ನೋಡುತ್ತಿದ್ದೆ. ಗಾಡಿ ಸರಕ್ಕನೆ ಹೊರಳಿ ಅಡ್ಡೆಗೆ ಒಂದು ಸುತ್ತು ಹಾಕಿತು.

"ಲೈ ಭಾರಿ!" ಎಂದು ಮರಾಠಿಯಲ್ಲಿ ಹೊಗಳಿ ಇಪ್ಪತ್ತನಾಲ್ಕು ಸಾವಿರ ಎಣಿಸಿಕೊಟ್ಟರು.

ನಾನು ಬಸ್ಸಿಗೆ ಹೊರಟು ಗೇಟಿಗೆ ಬಂದಿದ್ದೆ. ಹಿಂದೆ ಧಡ್ ಎಂಬ ಸಪ್ಪಳ. "ಸಾವಕಾರ್ರ, ಹೊಳ್ಳಿ ಬರ್ರಿ!" ಓಡಿಹೋಗಿ ಮೊದಲು ಗಾಡಿಯ ಕೆಳಗೆ ನೋಡಿದೆ. ಒಣ ನೆಲ. ಗಾಡಿಯ ಮೂತಿ ಮಾತ್ರ ಸಾಗವಾನಿ ದಿಮ್ಮಿಗಳಿಗೆ ಒರಗಿತ್ತು.

"ಏನ್ರಿ ಇದು, ಕೈ ಇಟ್ರ ಸಾಕು ಹೊಳ್ಳತೈತಿ! ನಾ ಲೋಂಡಾ ಕಾಡಿನಾಗ ಲಾರಿ ಹೊಡದಾಂವ. ರಟ್ಟಿ ನೋಯದಿದ್ರ ಗಾಡಿ ಹೊಡದಂಗ ಅನಸೂದಿಲ್ಲ. ಜರಾ ಬಿಗಿ ಮಾಡಿ ಕೊಡ್ರಿ."

"ಮತ್ತ ಒಂದ ಬೆರಳಿನ ಕರಾರು?"

"ಅದು ಮಂದಿಗೆ ತೋರ್ಸಾಕ್ರಿ. ತೋರ್ಸಿದ್ದಾತಲ್ಲ."

ಹೋದ ಜೀವ ಬಂತು. ಜೊತೆಗೆ ವ್ಯಾಪಾರವೂ ನೆನಪಾಯಿತು. "ಮಾಡಬಹುದ್ರಿ. ಖರೇ ಅಂದ್ರ ಭಾಳ ನಾಜೂಕ ಕೆಲಸ. ನೂರು ರೂಪಾಯಿ ಆಗತೈತಿ" ಎಂದೆ. ಚೌಕಾಸಿಯಿಲ್ಲದೆ ಕೊಟ್ಟರು. ನಟ್ಟು ಬಿಚ್ಚುವ ಪಾನಾ ಇಸಿದುಕೊಂಡು ಪಂಪಿನ ಬೆಲ್ಟ್ ಬಿಚ್ಚಿ ಜೇಬಿಗಿಳಿಸಿದೆ. ಸ್ಟೇರಿಂಗ್ ಬೀಸುಕಲ್ಲಾಯಿತು. ಅವರು ಎರಡೂ ಕೈಯಿಂದ ಜಗ್ಗಿ, ಬೆವರಿ, ಹಿಗ್ಗಿದರು: "ಹಾಂ! ಈಗ ಗಾಡಿ ಆತು ನೋಡ್ರಿ!"

ಹಗುರ ಮಾಡಲು ಆದ ಖರ್ಚು ಮೂವತ್ತೆರಡು, ಬಿಗಿ ಮಾಡಿದ್ದಕ್ಕೆ ಬಂದದ್ದು ನೂರು. ಒಟ್ಟು ಲಾಭ ಆರು ಸಾವಿರದ ಅರವತ್ತೆಂಟು ರೂಪಾಯಿ, ಮತ್ತು ಒಂದು ಬೆಲ್ಟು.