ಅತ್ತೆಯವರಿಗಾಗಿ ತೆರೆದ ಪೋರ್ಟು

ಒಳ್ಳೆಯದು ಮಾಡಲು ಹೋಗಿ ಸ್ವಂತ ಮನೆಯ ಹಾಲ್‌ನಲ್ಲಿ ಕೂರುವ ಹಕ್ಕನ್ನೇ ಕಳೆದುಕೊಂಡ ಗಂಡಸು ಹಿಂದೂಪುರದಲ್ಲಿ ನಾನೊಬ್ಬನೇ ಇರಬೇಕು. ನನ್ನ ಪಾಡಿಗೆ ಹುಣಸೆಹಣ್ಣಿನ ವ್ಯಾಪಾರ ಮಾಡಿಕೊಂಡು ಇದ್ದಿದ್ದರೆ ಏನಾಗುತ್ತಿತ್ತು? ರೂಟರಿನ ಗೊಡವೆ ನನಗೆ ಯಾಕೆ ಬೇಕಿತ್ತು?

ನನ್ನ ಅತ್ತೆ ಸರ್ವಮಂಗಳಮ್ಮನವರು ಕಲ್ಯಾಣದುರ್ಗದಲ್ಲಿ ಮಗ ಸಿದ್ದಲಿಂಗೇಶನ ಜೊತೆ ಇದ್ದಾರೆ. ಮೊಣಕಾಲು ನೋವು ಶುರುವಾದ ಮೇಲೆ ಅವರು ಬಸ್ಸು ಹತ್ತುವುದನ್ನು ಬಿಟ್ಟರು. ಅವರ ಬದಲಿಗೆ ನನ್ನ ಹೆಂಡತಿ ಪುಷ್ಪಲತಾ ಭಾನುವಾರ ಬಂತೆಂದರೆ ಬಸ್ಸು ಹತ್ತತೊಡಗಿದಳು. ಅವತ್ತು ನನಗೆ ನಾನೇ ಮಾಡಿಕೊಂಡ ಉಪ್ಪಿಟ್ಟು. (ಅದನ್ನು ತಿಂದವರಿಗೆ ಮಾತ್ರ ನನ್ನ ಸಂಕಟ ಅರ್ಥವಾದೀತು.) ವಿಡಿಯೊ ಕಾಲ್ ಮಾಡಿದರೆ ಅತ್ತೆಯವರ ಹಣೆಯ ವಿಭೂತಿಯಷ್ಟೇ ಕಾಣುತ್ತಿತ್ತು. ಫೋನು ಹಿಡಿಯುವ ಬಗೆ ಅವರಿಗೆ ಕೊನೆಗೂ ಬರಲಿಲ್ಲ.

ಆಗ ನನಗೊಂದು ದಿವ್ಯ ಆಲೋಚನೆ ಹೊಳೆಯಿತು. ನಮ್ಮ ಹಾಲ್‌ನಲ್ಲಿ ಕ್ಯಾಮೆರಾ ಹಾಕಿ, ಅದರ ಚಿತ್ರ ಕಲ್ಯಾಣದುರ್ಗದ ಟಿವಿಯಲ್ಲಿ ಬರುವಂತೆ ಮಾಡಿಬಿಟ್ಟರೆ? ಅತ್ತೆ ಕೂತಲ್ಲೇ ಮಗಳನ್ನು ನೋಡಬಹುದು, ಮಗಳು ಮನೆಯಲ್ಲೇ ಉಳಿಯಬಹುದು, ನಾನು ಬಿಸಿ ಊಟ ಉಣ್ಣಬಹುದು. ಕ್ಯಾಮೆರಾ ಕಂಪನಿಯದೇ ಆ್ಯಪ್ ಇತ್ತು ನಿಜ. ಆದರೆ ಎಲ್ಲರೂ ಹೋಗುವ ದಾರಿಯಲ್ಲೇ ಹೋದರೆ ಅಳಿಯನ ಹೆಚ್ಚುಗಾರಿಕೆ ಏನು ಉಳಿಯಿತು? ಯೂಟ್ಯೂಬ್ ನೋಡಿ ಪೋರ್ಟ್ ಫಾರ್ವರ್ಡಿಂಗ್ ಎಂಬ ಮಹಾವಿದ್ಯೆಯ ಅಭ್ಯಾಸಕ್ಕೆ ಕೂತೆ.

"ಅದೇನ್ರೀ, ಅಂಗಡಿ ಬಿಟ್ಟು ಆ ಡಬ್ಬದ ಮುಂದೆ ತಪಸ್ಸು?" ಎಂದಳು ಪುಷ್ಪಲತಾ.

"ಈ ಡಬ್ಬಕ್ಕೆ ಫೈರ್‌ವಾಲ್ ಅಂತ ಕಾವಲು ಐತೆ ಕಣೇ. ಹೊರಗಿನೋರು ಯಾರ್ ಬಂದ್ರೂ ಬಿಡಲ್ಲ. ಅದ್ರಾಗೆ ಪೋರ್ಟು ಅಂತ ಒಂದು ಕಿಂಡಿ ತೆಗೆದು, ಅಲ್ಲಿಗೆ ಬಂದೋರ್ನ ಸೀದಾ ಕ್ಯಾಮೆರಾ ಹತ್ರ ಕಳಿಸು ಅಂತ ಹೇಳ್ಬೇಕು."

"ಊರೋರೆಲ್ಲ ಬಂದು ನೋಡ್ಬುಟ್ರೆ? ನಾನು ನೈಟಿನಾಗಿರ್ತೀನಿ!"

"ನಿಮ್ಮಮ್ಮನ ಮನೆ ಇಂಟರ್ನೆಟ್ ಅಡ್ರೆಸ್ ಒಂದಕ್ಕೇ ಪರ್ಮಿಶನ್. ಮಿಕ್ಕೋರ್ನ ಆಚೆಗೇ ನಿಲ್ಲಿಸ್ತದೆ."

"ಸರೇಲೇಂಡಿ, ಮಾಡಿ. ಮಿಕ್ಸಿ ರಿಪೇರಿ ಮಾಡಿದಂಗೆ ಮಾಡ್‌ಬ್ಯಾಡಿ ಮತ್ತೆ."

ಇಂಟರ್ನೆಟ್ ಆಫೀಸಿಗೆ ಅಲೆದು ಎರಡೂ ಮನೆಯ ಕನೆಕ್ಷನ್ನಿಗೆ ಬದಲಾಗದ ಅಡ್ರೆಸ್ ಹಾಕಿಸಿದೆ. ಮೊದಲ ಪ್ರಯತ್ನದಲ್ಲಿ ಯಾವುದೋ ನಂಬರು ತಪ್ಪಿ ಇಡೀ ಮನೆಯ ವೈಫೈ ಸತ್ತು, ಹೆಂಡತಿಯ ಧಾರಾವಾಹಿ ಮಧ್ಯದಲ್ಲೇ ನಿಂತಿತು. (ಆಗ ನಡೆದ ಸಂಭಾಷಣೆ ಅಚ್ಚು ಹಾಕಿಸುವಂಥದ್ದಲ್ಲ.) ಕೊನೆಗೂ ಒಂದು ಶನಿವಾರ ಸಂಜೆ ಸಿದ್ದಲಿಂಗೇಶ್ ಫೋನಿನಲ್ಲಿ ಕೂಗಿದ: "ಬಂತು ಭಾವ! ಅಕ್ಕ ಕಾಣ್ತಾವ್ಳೆ!" ಹಿಂದೆ ಅತ್ತೆಯವರು ಅಳುತ್ತಿದ್ದದ್ದು ನನಗೂ ಕೇಳಿಸಿತು. ನಿಜ ಹೇಳುತ್ತೇನೆ, ನನ್ನ ಕಣ್ಣಲ್ಲೂ ನೀರು ಬಂತು.

ಮರುದಿನ ಹೆಂಡತಿ ಊರಿಗೆ ಹೋಗಲಿಲ್ಲ. ನಾನು ಲುಂಗಿ ಸುತ್ತಿಕೊಂಡು ಹಾಲ್‌ನ ದಿವಾನದ ಮೇಲೆ ಪವಡಿಸಿದೆ. ತಿಂಡಿ ಅಲ್ಲೇ, ಪೇಪರು ಅಲ್ಲೇ, ಕ್ರಿಕೆಟ್ಟು ಅಲ್ಲೇ, ಊಟವಾದ ಮೇಲೆ ಗೊರಕೆಯೂ ಅಲ್ಲೇ. ಎಚ್ಚರವಾದದ್ದು ಸಿದ್ದಲಿಂಗೇಶನ ಫೋನಿಗೆ.

"ಭಾವ, ತಪ್ಪು ತಿಳ್ಕಬ್ಯಾಡಿ. ಒಸಿ ಒಳಿಕ್ಕೆ ಹೋಯ್ತೀರಾ?"

"ಯಾಕಪ್ಪ?"

"ಅಮ್ಮ ಬೆಳಿಗ್ಗೆಯಿಂದ ನಿಂತೇ ಐತೆ."

ನಾನು ದಿವಾನದಿಂದ ಧಡಕ್ಕನೆ ಎದ್ದು ನಿಂತೆ. ಅತ್ತೆಯವರು ಅಳಿಯನ ಮುಂದೆ ಕೂತವರಲ್ಲ. ನಾನು ಅವರ ಮನೆಗೆ ಹೋದಾಗಲೆಲ್ಲ ತಲೆಯ ಮೇಲೆ ಸೆರಗೆಳೆದುಕೊಂಡು ಬಾಗಿಲ ಪಕ್ಕ ನಿಲ್ಲುತ್ತಾರೆ. ಅದಕ್ಕೇ ನಾನೂ ಕಾಫಿ ಕುಡಿದವನೇ ಎದ್ದುಬಿಡುತ್ತೇನೆ. ಟಿವಿಯಲ್ಲಿ ಕಂಡ ಅಳಿಯನಿಗೂ ಅದೇ ಮರ್ಯಾದೆ ಸಲ್ಲುತ್ತದೆಂದು ಯಾವ ಯೂಟ್ಯೂಬಿನವನೂ ಹೇಳಿರಲಿಲ್ಲ.

"ಟಿವಿ ಆಫ್ ಮಾಡಪ್ಪ!"

"ಬಿಡಲ್ಲ ಭಾವ. ಮಧ್ಯ ಮಧ್ಯ ಅಕ್ಕ ಕಾಣ್ತಾವ್ಳಲ್ಲ."

"ನಾನು ನಿದ್ದೆ ಮಾಡ್ತಿದ್ನಲ್ಲೋ, ಆಗನಾ ಕೂತ್ಕಬೋದಿತ್ತು!"

ಹಿಂದಿನಿಂದ ಅತ್ತೆಯವರ ದನಿ ಕೇಳಿಸಿತು: "ಮಲಗಿದ್ರೂ ಅಳಿಯಂದ್ರು ಅಳಿಯಂದ್ರೇ ಅಲ್ವೇನಪ್ಪ?"

ನಾನು ಗೊರಕೆ ಹೊಡೆದಷ್ಟು ಹೊತ್ತೂ ಆ ವಯಸ್ಸಾದ ಜೀವ ಬಾತ ಮೊಣಕಾಲಿನ ಮೇಲೆ ನಿಂತಿತ್ತು. ನಾಚಿಕೆಯಿಂದ ನನಗೆ ಅವತ್ತು ರಾತ್ರಿಯ ಊಟ ಸೇರಲಿಲ್ಲ. ಅಂದಿನಿಂದ ಅಡುಗೆಮನೆಯಲ್ಲೇ ನನ್ನ ವಾಸ. ಹಾಲ್ ದಾಟಬೇಕಾದರೆ ಗೋಡೆಗೆ ಅಂಟಿಕೊಂಡು ಬಗ್ಗಿ ಓಡಬೇಕು. ಅಡುಗೆಮನೆಯಲ್ಲಿ ಸುಮ್ಮನೆ ಕೂರಲು ಪುಷ್ಪಲತಾ ಬಿಟ್ಟಾಳೆಯೇ? ತೆಂಗಿನಕಾಯಿ ತುರಿ, ಬೆಳ್ಳುಳ್ಳಿ ಸುಲಿ, ಪಾತ್ರೆ ಒರೆಸು. ಹಾಗೆ ಸುಲಿದೂ ಒರೆಸಿಯೂ ಸಾಕಾಗಿ ಒಂದು ಸಂಜೆ ರೂಟರಿನೊಳಗೆ ಹೊಕ್ಕು ಆ ಪೋರ್ಟನ್ನು ಮುಚ್ಚಿಬಿಟ್ಟೆ. ಹೆಂಡತಿಗೆ ಮಾತ್ರ "ಫೈರ್‌ವಾಲ್ ಯಾಕೋ ತಡೀತೈತೆ" ಎಂದೆ. ದಿವಾನದ ಮೇಲೆ ಕಾಲು ಚಾಚಿದ ಆ ಸುಖ ಒಂದೇ ರಾತ್ರಿಯದು.

ಬೆಳಿಗ್ಗೆ ಬಾಗಿಲು ತೆಗೆದರೆ ಎದುರಿಗೆ ಅತ್ತೆಯವರು! ಮಗನ ಹೆಗಲು ಹಿಡಿದು, ಪೆನುಕೊಂಡದಲ್ಲಿ ಬಸ್ಸು ಬದಲಾಯಿಸಿ, ಆ ಕಾಲಿನಲ್ಲಿ ಬಂದಿದ್ದರು.

"ಟೀವಿ ಕಪ್ಪಾಗ್ಬುಡ್ತು. ಮಗಳಿಗೇನಾತೋ ಅಂತ ಜೀವ ಹೊಡ್ಕಂತು ಕಣಪ್ಪ" ಎಂದರು, ನೆಲ ನೋಡುತ್ತಾ.

"ಚೆನ್ನಾಗಿದೀನಿ ಅಂತ ಫೋನಿನಾಗೆ ಹೇಳಿದ್ನಲ್ಲಮ್ಮ!" ಎಂದಳು ಪುಷ್ಪಲತಾ.

"ಫೋನಿನಾಗೆ ಎಲ್ರೂ ಹಂಗೇ ಅಂತಾರೆ."

ನಾನು ಅಡುಗೆಮನೆಗೆ ಓಡಿ, ಬಾಗಿಲ ಹಿಂದಿನಿಂದ ಕೂಗಿದೆ: "ಕೂತ್ಕಳ್ಳಿ ಅತ್ತೆ, ನಾನು ಒಳಗಿದೀನಿ!"

"ಒಳಗವ್ರೆ ಅಂತ ಗೊತ್ತಾದ್ಮೇಲೆ ಹೆಂಗಪ್ಪ ಕೂತ್ಕಳ್ಳೋದು?"

ಚಪ್ಪಲಿ ಕೈಯಲ್ಲಿ ಹಿಡಿದು ಹಿತ್ತಿಲ ಬಾಗಿಲಿನಿಂದ ಹೊರಬಿದ್ದು, ಅಂಗಡಿ ಸೇರಿ ಹುಣಸೆ ಮೂಟೆಯ ಮೇಲೆ ಕುಳಿತೆ. ಮಧ್ಯಾಹ್ನ ಪುಷ್ಪಲತಾ ಬಂದಳು. ಒಂದು ಕೈಯಲ್ಲಿ ಊಟದ ಕ್ಯಾರಿಯರ್, ಇನ್ನೊಂದರಲ್ಲಿ ನನ್ನ ದಿಂಬು, ಕಂಬಳಿ. ಅವಳ ಮುಖ ಅಷ್ಟು ಅರಳಿದ್ದನ್ನು ನಾನು ಈಚೆಗೆ ನೋಡಿರಲಿಲ್ಲ.

"ನಿಮ್ಮಮ್ಮ ಕೂತ್ಕಂತೇನೆ?" ಎಂದು ಕೇಳಿದೆ.

"ದಿವಾನದ ಮ್ಯಾಲೆ ಕಾಲು ಚಾಚ್ಕಂಡು ಕೂತೈತೆ ಕಣ್ರೀ. ಇಂಥಾ ಅಳಿಯ ಯಾರಿಗೆ ಸಿಕ್ತಾನೆ ಅಂತಿತ್ತು. ಶಿವರಾತ್ರಿ ಮುಗಿಸ್ಕಂಡೇ ಹೋಯ್ತದಂತೆ."

ದೀಪಾವಳಿ ಮುಗಿದು ಇನ್ನೂ ವಾರವಾಗಿರಲಿಲ್ಲ.