ಕಣ್ಣಿಗೊಂದು ಹನಿ, ಕೆನ್ನೆಗೆ ಮೂರು

ಮೊಣಕಾಲು ನೋವಿಗೆ ಜನ ಎಣ್ಣೆ ಹೇಳುತ್ತಾರೆ, ಕೆಮ್ಮಿಗೆ ಕಷಾಯ ಹೇಳುತ್ತಾರೆ. ಕಣ್ಣಿನೊಳಗೆ ಒತ್ತಡ ಹೆಚ್ಚಾಗಿದೆ ಎಂದರೆ ಏನು ಹೇಳಬೇಕೆಂದು ಯಾರಿಗೂ ತಿಳಿಯುವುದಿಲ್ಲ. ಆದರೂ ಎಲ್ಲರೂ ಏನಾದರೊಂದು ಹೇಳುತ್ತಾರೆ, ಹೆದರಿದ ನಾನು ಎಲ್ಲವನ್ನೂ ಕೇಳುತ್ತೇನೆ. ಹಾಗಾಗಿ ನನಗೆ ಮುಂದೆ ಹೇಳುವಂಥವು ಆಗುತ್ತಲೇ ಇರುತ್ತವೆ.

ನಾನು ಧಾರವಾಡದ ಕಡೆಯವನು. ಕಾಶಿಯ ವಿಶ್ವವಿದ್ಯಾಲಯದಲ್ಲಿ ಮಣ್ಣಿನ ವಿಜ್ಞಾನ ಪಾಠ ಮಾಡುತ್ತೇನೆ. ಹನುಮಾನ್ ಘಾಟಿನ ಗಲ್ಲಿಯೊಂದರಲ್ಲಿ ಹೆಂಡತಿ, ಮಗಳ ಜೊತೆ ಬಾಡಿಗೆಗಿದ್ದೇನೆ. ಹೊಸ ಕನ್ನಡಕ ಮಾಡಿಸೋಣವೆಂದು ಹೋದರೆ, ಕಣ್ಣಿನ ಡಾಕ್ಟರು ಎಡಗಣ್ಣಿನಲ್ಲಿ ಒತ್ತಡ ಹೆಚ್ಚಿದೆ, ಹಾಗೇ ಬಿಟ್ಟರೆ ಒಳಗಿನ ನರ ಹಾಳಾಗುತ್ತದೆ, ಹೋದ ದೃಷ್ಟಿ ಮತ್ತೆ ಬರುವುದಿಲ್ಲ ಎಂದರು. ನಮ್ಮಪ್ಪನಿಗೂ ಇದೇ ಆಗಿತ್ತು. ಕೊನೆಕೊನೆಗೆ ಅವರು ನಮ್ಮನ್ನೆಲ್ಲ ಹೆಜ್ಜೆ ಸಪ್ಪಳದಿಂದ ಗುರುತು ಹಿಡಿಯುತ್ತಿದ್ದರು.

"ಬೇಗ ಗೊತ್ತಾಗಿದ್ದು ಒಳ್ಳೇದಾಯ್ತು ಸರ್. ಕುಯ್ಯದೇನೇ ಒತ್ತಡ ಇಳಿಸೋಕೆ ದಾರಿಗಳಿವೆ," ಎಂದು ಡಾಕ್ಟರು ಕನ್ನಡದಲ್ಲೇ ಧೈರ್ಯ ಹೇಳಿದರು. ಅವರು ಮೈಸೂರಿನ ಹೆಣ್ಣುಮಗಳು. ಆ ಧೈರ್ಯ ನನ್ನ ಕಿವಿಯವರೆಗೆ ಬಂತು, ಎದೆಗೆ ಇಳಿಯಲಿಲ್ಲ.

೧. ಗಾಳಿ ಊದುವ ಯಂತ್ರ

ಒತ್ತಡವನ್ನು ಇನ್ನೊಮ್ಮೆ ಅಳೆದು ಖಚಿತ ಮಾಡಿಕೊಳ್ಳಬೇಕು ಎಂದು ಡಾಕ್ಟರು ಮತ್ತೆ ಕರೆಸಿದರು. ಗದ್ದ ಊರಿ ಯಂತ್ರದೊಳಗೆ ನೋಡುತ್ತ ಕೂತರೆ, ಅದು ಕಣ್ಣಿಗೆ ಫುಸ್ಸೆಂದು ಗಾಳಿ ಊದುತ್ತದೆ. ಅಷ್ಟೇ ಪರೀಕ್ಷೆ. ನೋವಿಲ್ಲ, ಸೂಜಿಯಿಲ್ಲ. ಆದರೆ ಗಾಳಿ ಯಾವ ಕ್ಷಣದಲ್ಲಿ ಬರುತ್ತದೆ ಎಂದು ಅದು ಹೇಳುವುದಿಲ್ಲ.

"ಆಂಖ್ ಖುಲೀ ರಖಿಯೇ," ಎಂದ ಯಂತ್ರದವನು. ನಾನು ಕಣ್ಣು ತೆರೆದಿದ್ದೆ. ಗಾಳಿ ಬರುವ ಮೊದಲೇ ಮುಚ್ಚಿಕೊಂಡವು. ಮತ್ತೊಮ್ಮೆ ಕೂತೆ, ಮತ್ತೆ ಮುಚ್ಚಿಕೊಂಡವು. ಮೂರನೆಯ ಸಲ ನಾನು ಕುರ್ಚಿಸಮೇತ ಹಿಂದೆ ಸರಿದೆ. ಆತ ಕೈಚೆಲ್ಲಿ ಡಾಕ್ಟರನ್ನು ಕರೆದ.

"ಸರ್, ಉಸಿರು ಬಿಡಿ. ಉಸಿರು ಬಿಗಿಹಿಡಿದರೆ ಒತ್ತಡ ಇನ್ನೂ ಜಾಸ್ತಿ ತೋರಿಸುತ್ತೆ," ಎಂದರು ಡಾಕ್ಟರು.

ಅದನ್ನು ಕೇಳಿ ನನಗೆ ಉಸಿರೇ ನಿಂತಂತಾಯಿತು. ಹಿಂದೆ ಕೂತಿದ್ದ ನನ್ನ ಹೆಂಡತಿ ಸಮಾಧಾನದಿಂದ ಹೇಳಿದಳು: "ಅವರನ್ನ ಬೈಬ್ಯಾಡ್ರಿ ಡಾಕ್ಟ್ರ. ನಮ್ಮ ಮದುವಿ ಫೋಟೋದಾಗೂ ಅವರು ಕಣ್ಣ ಮುಚ್ಚಿಕೊಂಡೇ ನಿಂತಾರ."

೨. ಹನಿ

ಹೇಗೋ ಅಳೆದು ನೋಡಿದರು, ಒತ್ತಡ ಹೆಚ್ಚೇ ಇತ್ತು. ದಿನಾ ರಾತ್ರಿ ಊಟವಾದ ಮೇಲೆ ಎಡಗಣ್ಣಿಗೆ ಒಂದು ಹನಿ ಔಷಧಿ ಎಂದರು ಡಾಕ್ಟರು. ಒಂದೇ ಹನಿ, ಬಿಡದೆ, ಬಹುಶಃ ಜೀವನಪೂರ್ತಿ. ಕೇಳಲು ಸುಲಭ. ಮೊದಲ ದಿನ ನಾನೇ ಹಾಕಿಕೊಂಡೆ. ಒಂದು ಹನಿ ಹುಬ್ಬಿಗೆ ಬಿತ್ತು, ಒಂದು ಮೂಗಿನ ಪಕ್ಕ, ಒಂದು ಕಿವಿಯ ಕಡೆ ಹರಿದು ಹೋಯಿತು. ಕಣ್ಣಿಗೆ ಬಿತ್ತೋ ಇಲ್ಲವೋ ಎಂಬ ಸಂಶಯದಲ್ಲಿ ಇನ್ನೊಂದು ಹಾಕಿದೆ. ಹೆಚ್ಚಾಯಿತೋ ಏನೋ ಎಂದು ನಿದ್ದೆ ಬರಲಿಲ್ಲ.

ಮರುದಿನದಿಂದ ಹೆಂಡತಿ ಕೆಲಸ ವಹಿಸಿಕೊಂಡಳು. ನನ್ನನ್ನು ಮಂಚದ ಮೇಲೆ ಮಲಗಿಸಿ, ಕೆಳರೆಪ್ಪೆ ಎಳೆದು, ಬಾಟ್ಲಿ ಎತ್ತಿ ಹಿಡಿದಳು.

"ಕಣ್ಣ ತಗೀರಿ."

ತೆಗೆದೆ.

"ಅಲ್ರೀ, ಬಾಯಿ ಯಾಕ ತಗೀತೀರಿ?"

ನನಗೆ ಗೊತ್ತೇ ಇರಲಿಲ್ಲ. ಕಣ್ಣು ಅಗಲಿಸಿದರೆ ನನ್ನ ಬಾಯಿ ತಾನಾಗಿ ತೆರೆದುಕೊಳ್ಳುತ್ತದೆ. ಬಾಯಿ ಮುಚ್ಚಿದರೆ ಕಣ್ಣೂ ಮುಚ್ಚಿಕೊಳ್ಳುತ್ತದೆ. ಇಲ್ಲೇ ಹುಟ್ಟಿ ಬೆಳೆದ ಮಗಳು ಬಂದು, "ಪಾಪಾ, ಮುಂಹ್ ಬಂದ್, ಆಂಖ್ ಖೋಲೋ," ಎಂದು ಕವಾಯತು ಮಾಡಿಸಿದಳು. ಅವಳು ಹೇಳುತ್ತಿದ್ದ ಹಾಗೇ ನನಗೆ ನಗು ಬಂತು, ಹೆಂಡತಿಯ ಕೈ ಅಲ್ಲಾಡಿತು.

ಮುಂದಿನ ಸಲ ಡಾಕ್ಟರು, "ಔಷಧಿಯಿಂದ ಏನಾದರೂ ತೊಂದರೆ ಇದೆಯಾ?" ಎಂದು ಕೇಳಿದರು.

"ಬಾಯಿ ಸ್ವಲ್ಪ ಕಹಿಯಾಗುತ್ತೆ," ಎಂದೆ.

"ಅದು ಸಹಜ ಸರ್. ಕಣ್ಣಿಗೆ ಹಾಕಿದ್ದು ಮೂಗಿನ ದಾರಿಯಿಂದ ಗಂಟಲಿಗೆ ಇಳಿಯುತ್ತೆ. ಹನಿ ಹಾಕಿದ ಮೇಲೆ ಕಣ್ಣು ಮುಚ್ಚಿ, ಮೂಗಿನ ಕಡೆಯ ಮೂಲೇನ ಬೆರಳಿಂದ ಮೆಲ್ಲಗೆ ಒತ್ತಿ ಹಿಡೀರಿ."

"ಅಷ್ಟು ಸುತ್ತಿ ಬಳಸಿ ಹೋಗಿಲ್ರೀ ಡಾಕ್ಟ್ರ," ಎಂದಳು ಹೆಂಡತಿ. "ನೆಟ್ಟಗ ಬಾಯಾಗ ಬಿದ್ದದ."

೩. ತಲೆ ಕೆಳಗೆ

ಊರ ಕಡೆಯ ಒಂದು ಮಠ ಕಾಶಿಯಲ್ಲಿದೆ. ಸೋಮವಾರ ಅಲ್ಲಿಗೆ ಹೋಗುವುದು ರೂಢಿ. ಅಲ್ಲಿನ ಹಿರಿಯ ಸ್ವಾಮಿಗಳು ನನ್ನ ಸಪ್ಪೆ ಮುಖ ನೋಡಿ ಏನಾಯಿತೆಂದು ಕೇಳಿದರು. ಹೇಳಿದೆ.

"ತಲಿಗೆ ರಕ್ತ ಸರಿಯಾಗಿ ಹರೀವಲ್ದು. ದಿನಾ ಬೆಳಿಗ್ಗೆ ಶೀರ್ಷಾಸನ ಹಾಕ್ರಿ. ನಾವು ಈ ವಯಸ್ಸಿನಾಗೂ ಹಾಕ್ತೀವಿ," ಎಂದು ಅಪ್ಪಣೆ ಕೊಡಿಸಿದರು.

ನಾನು ಗೋಡೆಗೆ ಕಾಲು ಆನಿಸಿ ಶುರು ಮಾಡಿದೆ. ತಲೆಗೆ ರಕ್ತ ನುಗ್ಗಿದಂತಾಗುತ್ತಿತ್ತು. ಔಷಧಿಗೆ ಇದೂ ಸೇರಿದರೆ ಕಾಯಿಲೆ ಓಡಿಹೋಗುತ್ತದೆ ಎಂದುಕೊಂಡು ಡಾಕ್ಟರಿಗೆ ಸ್ವಲ್ಪ ಹೆಮ್ಮೆಯಿಂದಲೇ ಹೇಳಿದೆ. ಅವರು ಪೆನ್ನು ಕೆಳಗಿಟ್ಟರು.

"ಸರ್, ತಲೆ ಕೆಳಗೆ ಮಾಡಿದಷ್ಟು ಹೊತ್ತೂ ಕಣ್ಣಿನ ಒತ್ತಡ ಏರುತ್ತೆ. ಇವತ್ತಿಗೇ ನಿಲ್ಲಿಸಿ. ನಡೀರಿ, ಬೇಕಾದಷ್ಟು ನಡೀರಿ. ಅಸ್ಸಿ ಘಾಟಿನವರೆಗೂ ನಡೀರಿ. ತಲೆ ಮಾತ್ರ ಮೇಲಿರಲಿ."

ಕಣ್ಣಿನ ಚಿಂತೆಯ ಜೊತೆ ಈಗ ಇನ್ನೊಂದು ಚಿಂತೆ: ಸ್ವಾಮಿಗಳ ಮಾತು ತಪ್ಪು ಎಂದು ಸ್ವಾಮಿಗಳಿಗೇ ಹೇಳುವುದು ಹೇಗೆ? ಎರಡು ಸೋಮವಾರ ತಪ್ಪಿಸಿಕೊಂಡೆ. ಮೂರನೆಯ ಸೋಮವಾರ ಹೋಗಿ, ತೊದಲುತ್ತ ಹೇಳಿ ಮುಗಿಸಿದೆ.

"ಡಾಕ್ಟರು ಹೇಳಿದ ಮ್ಯಾಲ ಮುಗೀತು. ಇನ್ನ ಮ್ಯಾಲ ನಮಗ ಬಗ್ಗಿ ನಮಸ್ಕಾರನೂ ಮಾಡಬ್ಯಾಡ್ರಿ. ನಿಂತಲ್ಲೇ ಕೈ ಮುಗೀರಿ, ಸಾಕು," ಎಂದರು.

ಡಾಕ್ಟರು ಅಷ್ಟು ಹೇಳಿರಲಿಲ್ಲ. ಆದರೆ ಇನ್ನೊಮ್ಮೆ ತಿದ್ದುವ ಧೈರ್ಯ ನನಗಿರಲಿಲ್ಲ. ಈಗ ಎಲ್ಲರೂ ಸಾಷ್ಟಾಂಗ ಬೀಳುವಾಗ ನಾನೊಬ್ಬನೇ ಕತ್ತು ನೆಟ್ಟಗಿಟ್ಟುಕೊಂಡು ನಿಂತಿರುತ್ತೇನೆ. ಊರಿಂದ ಹೊಸದಾಗಿ ಬಂದ ಯಾತ್ರಿಕರು ನಾನು ಯಾರೋ ದೊಡ್ಡವನಿರಬೇಕೆಂದುಕೊಂಡು, ಸ್ವಾಮಿಗಳಿಗೆ ನಮಸ್ಕರಿಸಿ ಎದ್ದವರು ನನ್ನ ಕಾಲಿಗೂ ಬೀಳುತ್ತಾರೆ.

೪. ರೆಪ್ಪೆ

ಆ ಹನಿಯ ಇನ್ನೊಂದು ಗುಣ ನಿಧಾನವಾಗಿ ಗೊತ್ತಾಯಿತು. ಅದು ರೆಪ್ಪೆಗೂದಲನ್ನು ಬೆಳೆಸುತ್ತದೆ. ನಾನು ಹಾಕುತ್ತಿದ್ದುದು ಎಡಗಣ್ಣಿಗೆ ಮಾತ್ರ. ಕೆಲವು ತಿಂಗಳಲ್ಲಿ ಎಡಗಣ್ಣಿನ ರೆಪ್ಪೆ ಉದ್ದವಾಗಿ, ಕಪ್ಪಾಗಿ, ತುದಿಯಲ್ಲಿ ಬಾಗಿ ಕನ್ನಡಕದ ಗಾಜಿಗೆ ತಾಗತೊಡಗಿತು. ಬಲಗಣ್ಣು ಮೊದಲಿನ ಹಾಗೆಯೇ, ಮಣ್ಣಿನ ಮೇಷ್ಟರಿಗೆ ತಕ್ಕಂತೆ ಇತ್ತು.

ನಾನು ಕಣ್ಣಿಗೆ ಇನ್ನೇನೋ ಬಂತೆಂದು ಗಾಬರಿಯಿಂದ ಡಾಕ್ಟರಿಗೆ ಫೋನು ಮಾಡಿದೆ. "ಅಪಾಯವೇನಿಲ್ಲ. ಕೆಲವರು ಇದಕ್ಕೇ ದುಡ್ಡು ಕೊಡ್ತಾರೆ," ಎಂದು ನಕ್ಕರು. ತರಗತಿಯಲ್ಲಿ ಮಾತ್ರ ವಿದ್ಯಾರ್ಥಿಗಳು ನಾನು ಕಪ್ಪುಹಲಗೆಯಿಂದ ತಿರುಗಿದಾಗಲೆಲ್ಲ ಮುಖಮುಖ ನೋಡಿಕೊಳ್ಳುತ್ತಿದ್ದರು.

ಅದೇ ಸಮಯಕ್ಕೆ ನನ್ನ ತಂಗಿಯ ಸಂಸಾರ ಕಾಶಿಗೆ ಬಂತು. ದೋಣಿಯಲ್ಲಿ ಎಲ್ಲರೂ ಫೋಟೋಕ್ಕೆ ನಿಂತೆವು. ತಂಗಿಯ ಗಂಡ ಮೊಬೈಲು ಎತ್ತುತ್ತಿದ್ದಂತೆ ನನ್ನ ಮಗಳು ತಡೆದು, ನನ್ನನ್ನು ಎಡಗಡೆಯಿಂದ ತೆಗೆಯಲು ಹೇಳಿದಳು: "ಫೂಫಾಜಿ, ಪಾಪಾ ಕೋ ಲೆಫ್ಟ್ ಸೈಡ್ ಸೇ ಲೀಜಿಯೇ. ಉಧರ್ ಸೇ ಹೀರೋಯಿನ್ ಲಗ್ತೇ ಹೈಂ."

೫. ತಂಡಾಯಿ

ಹನಿಯಿಂದ ಒತ್ತಡ ಇಳಿಯಿತು, ಆದರೆ ಸಾಲದು ಎಂದರು ಡಾಕ್ಟರು. ಲೇಸರ್ ಮಾಡೋಣ, ಬರೀ ಬೆಳಕು, ಗಾಯವಿಲ್ಲ, ಅವತ್ತೇ ಮನೆಗೆ ಹೋಗಬಹುದು ಎಂದರು. ನನಗೆ ಅಪ್ಪನೇ ಕಣ್ಮುಂದೆ ಬಂದರು. ಹೆಂಡತಿ ಮಾತ್ರ ಕಲ್ಲಿನಂತಿದ್ದಳು. "ಏನೂ ಆಗೂದಿಲ್ಲ, ಸುಮ್ಮನಿರ್ರಿ," ಎಂಬುದೊಂದೇ ಮಾತು.

ನಮ್ಮ ಎದುರುಮನೆಯಲ್ಲಿ ಒಬ್ಬ ಸೀರೆ ವ್ಯಾಪಾರಿ ಇದ್ದಾರೆ, ಕಾಶಿಯವರೇ, ಬಹಳ ಒಳ್ಳೆಯ ಮನುಷ್ಯ. ಭಂಗಿ ಕುಡಿದರೆ ಕಣ್ಣಿನ ಒತ್ತಡ ಇಳಿಯುತ್ತದಂತೆ ಎಂದು ಅವರು ನನಗೆ ಆಗಾಗ ಹೇಳುತ್ತಿದ್ದರು. ಡಾಕ್ಟರನ್ನು ಕೇಳಿದ್ದೆ. "ಸ್ವಲ್ಪ ಹೊತ್ತು ಇಳಿಯುತ್ತೆ, ನಿಜ. ಆದ್ರೆ ಹಗಲೂ ರಾತ್ರಿ ಇಳಿದಿರಬೇಕಾದ್ರೆ ಹಗಲೂ ರಾತ್ರಿ ಕುಡೀತಿರಬೇಕು. ಆಮೇಲೆ ಪಾಠ ಯಾರು ಮಾಡ್ತಾರೆ ಸರ್?" ಎಂದಿದ್ದರು. ಅಲ್ಲಿಗೆ ಆ ವಿಷಯ ಬಿಟ್ಟಿದ್ದೆ.

ಲೇಸರಿನ ದಿನ ಬೆಳಿಗ್ಗೆ ಆ ವ್ಯಾಪಾರಿ ಒಂದು ಲೋಟ ತಂಡಾಯಿ, ಇಲ್ಲಿಯವರು ಕುಡಿಯುವ ತಂಪು ಮಸಾಲೆ ಹಾಲು, ತಂದುಕೊಟ್ಟು, "ಪ್ರೊಫೆಸರ್ ಸಾಹಬ್ ಕೇ ಲಿಯೇ," ಎಂದು ಹೋದರು. ಗಾಬರಿಯಲ್ಲಿ ನಾನು ಅದನ್ನು ಮುಟ್ಟಲಿಲ್ಲ. ಬಾದಾಮಿ, ಕೇಸರಿ ಹಾಕಿದ್ದು ಚೆಲ್ಲಬಾರದೆಂದು ಹೆಂಡತಿ ಅಡುಗೆಮನೆಯಲ್ಲಿ ಅದನ್ನು ಕುಡಿದು ಮುಗಿಸಿದಳು. ಅದರಲ್ಲಿ ಇನ್ನೇನು ಹಾಕಿದ್ದಾರೆಂದು ಅವರು ಹೇಳಿರಲಿಲ್ಲ, ನಾವು ಕೇಳಿರಲಿಲ್ಲ.

ಲೇಸರ್ ಕೆಲವೇ ನಿಮಿಷಗಳಲ್ಲಿ ಮುಗಿಯಿತು. ಕಣ್ಣು ಮರಗಟ್ಟಿಸುವ ಹನಿ, ಕಣ್ಣಿಗೊತ್ತಿ ಹಿಡಿದ ಒಂದು ಗಾಜು, ಹಸಿರು ಮಿಂಚುಗಳು, ಟಕ್ ಟಕ್ ಸದ್ದು. ನಾನು ಗೆದ್ದವನಂತೆ ಹೊರಗೆ ಬಂದೆ. ಬೆಂಚಿನ ಮೇಲೆ ಹೆಂಡತಿ ಗೋಡೆಯ ಗಡಿಯಾರ ನೋಡಿ ನಗುತ್ತಿದ್ದಳು. ನನ್ನನ್ನು ನೋಡಿದ್ದೇ ಅಳು ಶುರುವಾಯಿತು.

"ನಿಮ್ಮ ಕಣ್ಣ ಹೋಗಿದ್ರ ನನ್ನ ಮಾರಿ ಯಾರು ನೋಡ್ತಿದ್ರು? ನಾ ದಿನಾ ಬಚ್ಚಲದಾಗ ಅತ್ತೇನಿ, ನಿಮಗ ಗೊತ್ತಿಲ್ಲ," ಎಂದಳು. ಗೊತ್ತಿರಲಿಲ್ಲ. ನನ್ನ ಹೆದರಿಕೆಯ ಗದ್ದಲದಲ್ಲಿ ಅವಳದು ನನಗೆ ಕೇಳಿಸಿರಲೇ ಇಲ್ಲ. ಪಕ್ಕದಲ್ಲಿ ಕೂತು ಕೈ ಹಿಡಿದುಕೊಂಡೆ. ಅಷ್ಟರಲ್ಲಿ ಅವಳಿಗೆ ಮತ್ತೆ ಗಡಿಯಾರ ಕಂಡು ನಗು ಬಂತು.

ಡಾಕ್ಟರು ಬಂದು ನೋಡಿ, ಬೆಳಿಗ್ಗೆ ಏನು ಕುಡಿದಿರಿ ಎಂದು ಕೇಳಿ, ವಿಷಯ ಅರ್ಥವಾಗಿ, ಅವಳನ್ನು ಮಲಗಿಸಿ ನಾಡಿ ನೋಡಿದರು. ಅಪಾಯವಿಲ್ಲ, ನಿದ್ದೆ ಮಾಡಿದರೆ ಇಳಿಯುತ್ತದೆ ಎಂದರು. ನನ್ನ ಒತ್ತಡ ಮುಂದಿನ ವಾರಗಳಲ್ಲಿ ಇಳಿಯಿತು, ಈಗಲೂ ಹತೋಟಿಯಲ್ಲಿದೆ. ಆದರೆ ಅವತ್ತು, ಲೇಸರ್ ಆದವರನ್ನು ಜೊತೆಗೆ ಬಂದವರು ಜೋಪಾನವಾಗಿ ಕರೆದುಕೊಂಡು ಹೋಗಬೇಕು ಎಂದು ಹೇಳಲು ಬಂದ ನರ್ಸು, ನಮ್ಮಿಬ್ಬರನ್ನೂ ನೋಡಿ, ಯಾರು ಯಾರನ್ನು ಕರೆದೊಯ್ಯಬೇಕೆಂದು ಡಾಕ್ಟರನ್ನೇ ಕೇಳಲು ಹೋದಳು.

ಕಪ್ಪು ಕನ್ನಡಕ ಹಾಕಿಕೊಂಡ ನಾನು, ಹೆಂಡತಿಯನ್ನು ತೋಳು ಹಿಡಿದು ನಡೆಸಿಕೊಂಡು ಬಂದು ಇ-ರಿಕ್ಷಾ ಹತ್ತಿಸಿದೆ. ಚಾಲಕ ಮರುಕದಿಂದ ಹಿಂದೆ ತಿರುಗಿ, "ಮಾತಾಜಿ ಕಾ ಆಪರೇಶನ್ ಠೀಕ್ ಹೋ ಗಯಾ?" ಎಂದು ಕೇಳಿದ.

ನಾನು ಬಾಯಿ ತೆರೆಯುವ ಮೊದಲೇ ಅವಳು ಅವನಿಗೆ ಅಚ್ಚ ಧಾರವಾಡ ಕನ್ನಡದಲ್ಲಿ ಉತ್ತರ ಕೊಟ್ಟಳು: "ಭಾಳ ಛಲೋ ಆತಪಾ. ಮೊದಲ ಒಂದೊಂದ ಕಾಣ್ತಿತ್ತು, ಈಗ ಎಲ್ಲಾ ಎರಡೆರಡ ಕಾಣಾಕತ್ತಾವ."