ಡೆರಿಕ್ ಸಾಹೇಬರ ಭಾಷಣಕ್ಕೆ ನಾನು ಮಾಡಿದ ಅನುವಾದ

ನಿವೃತ್ತಿ ಎಂಬ ಮಾತಿಗೆ ನಮ್ಮ ರಾಣೆಬೆನ್ನೂರಿನಲ್ಲಿ ಗೊತ್ತಾದ ಒಂದು ಚಹರೆಯಿದೆ. ತಲೆಗೆ ಮಫ್ಲರು, ಕೈಯಲ್ಲಿ ಮೊಮ್ಮಗನ ನೀರಿನ ಬಾಟಲಿ, ಬಾಯಲ್ಲಿ ತಾವಿದ್ದಾಗ ಆಫೀಸು ಹೇಗೆ ನಡೆಯುತ್ತಿತ್ತು ಎಂಬ ವರದಿ. ಹಾಗಾಗಿ ನಮ್ಮ ಮನೆಯ ಮಹಡಿಗೆ ಬಾಡಿಗೆಗೆ ಬಂದ ಡೆರಿಕ್ ಸಾಹೇಬರು ತಾವು ನಿವೃತ್ತರೆಂದು ಹೇಳಿಕೊಂಡಾಗ ನಾನು ಅವರನ್ನು ಅಡಿಯಿಂದ ಮುಡಿಯವರೆಗೆ ಎರಡು ಸಲ ನೋಡಿದೆ. ವಯಸ್ಸು ಮೂವತ್ತನಾಲ್ಕು. ನಮ್ಮ ಬಾಗಿಲನ್ನು ಅಡ್ಡ ತಿರುಗಿಯೇ ದಾಟಬೇಕಾದಂಥ ಮೈ. ಕುತ್ತಿಗೆ ಎಲ್ಲಿ ಮುಗಿದು ತಲೆ ಎಲ್ಲಿ ಶುರುವಾಗುತ್ತದೆಂದು ಹೇಳುವುದು ಕಷ್ಟ. ಕಿವಿಗಳಂತೂ ಯಾರೋ ಹಿಂಡಿ, ಮುದುಡಿ, ಮತ್ತೆ ಅಂಟಿಸಿದ ಹಾಗಿದ್ದವು.

"ಈ ವಯಸ್ಸಿಗೇ ರಿಟೈರ್ ಅಂದ್ರ ಕೆಲಸದಿಂದ ತಗದು ಹಾಕಿರಬೇಕ್ರಿ," ಎಂದಳು ನನ್ನ ಹೆಂಡತಿ ಗಿರಿಜಾ. "ಏನ್ ಮಾಡಿ ಬಂದಾನೋ ಏನೋ. ಮೊದ್ಲ ಕೇಳ್ರಿ."

ಕೇಳುವ ಹೊಣೆ ನನ್ನದೇ. ನಾನು ಕೆಲಸ ಮಾಡುವ ಬೀಜದ ಕಂಪನಿಯಲ್ಲಿ ಇಂಗ್ಲಿಷ್ ಬಲ್ಲವನೆಂದರೆ ನಾನು. ಈ ಖ್ಯಾತಿ ಬಂದ ಬಗೆಯನ್ನು ನಿಮಗೆ ಮಾತ್ರ ಹೇಳುತ್ತೇನೆ. ಹಿಂದೊಮ್ಮೆ ಪರದೇಶದಿಂದ ಫೋನು ಬಂದಾಗ ಎತ್ತುವ ಧೈರ್ಯ ಯಾರಿಗೂ ಆಗಲಿಲ್ಲ. ನಾನು ಎತ್ತಿ, ಏಳು ಸಲ 'ಯೆಸ್ ಸರ್' ಎಂದು ಹೇಳಿ ಇಟ್ಟೆ. ಅವರು ಕೇಳಿದ್ದೇನೆಂದು ಇವತ್ತಿಗೂ ತಿಳಿಯದು. ಎರಡು ಸಾವಿರದ ಹತ್ತನೆಯ ಇಸವಿಯ ಸುಮಾರಿಗೆ, ನಮ್ಮಿಂದ ಟೊಮೆಟೊ ಬೀಜ ಕೊಳ್ಳುವ ಆ ಪರದೇಶದ ಕಂಪನಿ ಹೊಲಗಳ ತಪಾಸಣೆಗೆಂದು ಡೆರಿಕ್ಕರನ್ನು ಒಂದು ವರ್ಷದ ಮಟ್ಟಿಗೆ ಇಲ್ಲಿಗೆ ಕಳಿಸಿದಾಗ, ಅವರನ್ನು ನನ್ನ ಕೊರಳಿಗೇ ಕಟ್ಟಿದರು.

ಕೇಳಿದೆ. ಅವರು ತಮ್ಮ ದೇಶದಲ್ಲಿ ಹನ್ನೆರಡು ವರ್ಷ ರಗ್ಬಿ ಆಡಿದ್ದರಂತೆ, ಅದೂ ಸಂಬಳಕ್ಕೆ. ಆಡಿದ್ದಕ್ಕೆ ಸಂಬಳ ಕೊಡುತ್ತಾರೆಂಬುದನ್ನು ಗಿರಿಜಾಗೆ ನಂಬಿಸಲು ಒಂದು ವಾರ ಬೇಕಾಯಿತು. ಮೊಟ್ಟೆಯಾಕಾರದ ಚೆಂಡು. ಕಂಕುಳಲ್ಲಿ ಇಟ್ಟುಕೊಂಡು ಓಡಬೇಕು, ಬೇರೆಯವರು ಕೆಡವಬೇಕು. ನಡುನಡುವೆ ಎರಡೂ ತಂಡದ ಎಂಟೆಂಟು ಜನ ಬಗ್ಗಿ, ಹೆಗಲಿಗೆ ಹೆಗಲು ಹೆಣೆದು, ತಲೆಗೆ ತಲೆ ಕೊಟ್ಟು ಒಬ್ಬರನ್ನೊಬ್ಬರು ದಬ್ಬುತ್ತಾರೆ. ಡೆರಿಕ್ಕರ ಜಾಗ ಆ ಗುಂಪಿನ ಮುಂದಿನ ಸಾಲು. ಕಿವಿ ಹಾಗಾದದ್ದು ಅಲ್ಲಿ. ಚೆಂಡು ಹೊತ್ತು ಓಡಿ ಹೆಸರು ಮಾಡುವವರು ಬೇರೆ, ಅವರಿಗೆ ಚೆಂಡು ಸಿಗುವಂತೆ ದಬ್ಬುವುದು ಇವರ ಕೆಲಸ. ಒಮ್ಮೆ ದೇಶದ ತಂಡಕ್ಕೂ ಕರೆ ಬಂದಿತ್ತು, ಬದಲಿ ಆಟಗಾರನಾಗಿ. ಆಟ ಮುಗಿಯುವವರೆಗೂ ಮೈದಾನದ ಕಡೆ ನೋಡುತ್ತ ಬೆಂಚಿನ ಮೇಲೆ ಕೂತರು. ಯಾರೂ ಕರೆಯಲಿಲ್ಲ. ಬೆವರು ತಾಕದಿದ್ದರೂ ದೇಶದ ತಂಡದ ಆ ಅಂಗಿಯನ್ನು ಅವರ ತಾಯಿ ಒಗೆದು ಮಡಚಿ ಇಟ್ಟಿದ್ದಾರಂತೆ. ಕೊನೆಗೆ ಕುತ್ತಿಗೆಯ ಎಲುಬು ಸರಿದು, ಡಾಕ್ಟರು ಸಾಕು ಎಂದರು. ಒಕ್ಕಲುತನದ ಮನೆಯವರಾದ್ದರಿಂದ ಬೀಜದ ಕಂಪನಿ ಸೇರಿದರು.

ಇದನ್ನೆಲ್ಲ ಅವರು ನಮ್ಮ ಕಟ್ಟೆಯ ಮೇಲೆ ಕೂತು, ಗಿರಿಜಾ ಕೊಟ್ಟ ಮಂಡಕ್ಕಿ ತಿನ್ನುತ್ತ, ಹವಾಮಾನ ಹೇಳುವವರ ಹಾಗೆ ಹೇಳಿದರು. ನಮ್ಮ ಹೊಲಗಳಲ್ಲಿ ಹೂವಿನಿಂದ ಹೂವಿಗೆ ಪರಾಗ ಮುಟ್ಟಿಸುವ ಹೆಂಗಸರೊಡನೆ ದಿನವಿಡೀ ಇದ್ದು ಅವರು ಕನ್ನಡವನ್ನೂ ಕಲಿಯತೊಡಗಿದ್ದರು. ಅದು ಎಷ್ಟು ಮುಂದುವರಿದಿದೆಯೆಂದು ನಾನು ವಿಚಾರಿಸಲಿಲ್ಲ. ತಪ್ಪಾದದ್ದು ಅಲ್ಲೇ.

ಬ್ಯಾಡಗಿಯ ಒಂದು ಹೈಸ್ಕೂಲಿನ ಹೆಡ್‌ಮಾಸ್ತರು, ನನ್ನ ಪರಿಚಯದ ಪಾಟೀಲ ಮಾಸ್ತರು, ಆಟೋಟದ ದಿನಕ್ಕೆ ಡೆರಿಕ್ಕರನ್ನು ಕರೆದರು. ಹೋಗಿ ನೋಡಿದರೆ ಬ್ಯಾನರಿನಲ್ಲಿ 'ಅಂತಾರಾಷ್ಟ್ರೀಯ ಕ್ರೀಡಾ ತಾರೆ' ಎಂದಿದೆ. ಶಾಲು, ಹಾರ, ಹಣ್ಣಿನ ಬುಟ್ಟಿ, ಬ್ಯಾಂಡು. ಡೆರಿಕ್ಕರು ಮೈಕಿನ ಮುಂದೆ ನಿಂತು, ಹನ್ನೆರಡು ವರ್ಷ ನಾನು ಹೆಚ್ಚಾಗಿ ನೋಡಿದ್ದು ನೆಲವನ್ನು, ಒಟ್ಟು ಮೂರು ಸಲ ಮಾತ್ರ ಅಂಕ ಗಳಿಸಿದ್ದೇನೆ ಎಂದರು. ಇಂಗ್ಲಿಷಿನಲ್ಲಿ ಹೀಗೆಂದು, ಕನ್ನಡಕ್ಕೆ ತಿರುಗಿಸಲೆಂದು ನನ್ನ ಕಡೆ ನೋಡಿದರು. ನಾನು ಹಾರದ ಕಡೆ ನೋಡಿದೆ. ಅಷ್ಟು ದಪ್ಪ ಹಾರ ಹಾಕಿಸಿಕೊಂಡವರು ನೆಲ ನೋಡಿದರೆಂದು ಹೇಗೆ ಹೇಳಲಿ?

"ಇವರು ಹನ್ನೆರಡು ವರ್ಷ ತಮ್ಮ ದೇಶದ ತಂಡದ ನಾಯಕರಾಗಿದ್ದರು," ಎಂದುಬಿಟ್ಟೆ. "ಫೈನಲ್ಲಿನಲ್ಲಿ ಗೆಲುವು ತಂದವರು ಇವರೇ."

ಚಪ್ಪಾಳೆಯೋ ಚಪ್ಪಾಳೆ. ಹೊಲದ ಕನ್ನಡವಷ್ಟೇ ಬಲ್ಲ ಅವರಿಗೆ ನನ್ನ ಪುಸ್ತಕದ ಕನ್ನಡ ತಿಳಿಯಲಿಲ್ಲ. ಮೂರೇ ಮೂರು ಸಲದ ಅಂಕಕ್ಕೆ ಈ ಜನ ಇಷ್ಟೊಂದು ಖುಷಿಪಡುತ್ತಾರಲ್ಲ ಎಂದು ಡೆರಿಕ್ಕರ ಕಣ್ಣು ತುಂಬಿತು. ಅದನ್ನು ನೋಡಿ ನನ್ನ ಧೈರ್ಯ ಇನ್ನೂ ಹೆಚ್ಚಿತು. ಭಾಷಣ ಮುಗಿಯುವ ಹೊತ್ತಿಗೆ ನಾನು ಅವರಿಗೆ ಎರಡು ವಿಶ್ವಕಪ್ ಗೆದ್ದುಕೊಟ್ಟಿದ್ದೆ.

ಊಟವಾದ ಮೇಲೆ ಪಾಟೀಲ ಮಾಸ್ತರು ಮೆಣಸಿನಕಾಯಿ ಮಾರುಕಟ್ಟೆ ತೋರಿಸಲು ಕರೆದೊಯ್ದರು. ಕೆಂಪು ಗುಡ್ಡಗಳ ನಡುವೆ ಸೀನುತ್ತ ನಡೆದೆವು. ಅಲ್ಲಿ ಚೀಲಗಳ ಮೇಲೆ ಕೂತು ಚಹಾ ಕುಡಿಯುತ್ತಿದ್ದ ಹಮಾಲರಲ್ಲಿ ಹಿರಿಯರಾದ ಮೌಲಾಸಾಬರು ಡೆರಿಕ್ಕರ ಕುತ್ತಿಗೆಯನ್ನೇ ನೋಡುತ್ತ ಎದ್ದು ಬಂದರು.

"ಸಾಹೇಬ್ರು ಭಾರ ತಡದ ಮನಷ್ಯಾ ಅದಾರ. ಕುತ್ತಿಗೀನ ಹೇಳತೈತಿ," ಎಂದರು. "ಏನ್ ಕೆಲಸರೀ ಇವರದು?"

"ದೊಡ್ಡ ಆಟಗಾರರಪಾ. ಕ್ಯಾಪ್ಟನ್ ಇದ್ರು," ಎಂದರು ಪಾಟೀಲ ಮಾಸ್ತರು.

ಮೌಲಾಸಾಬರು ತಲೆಯಾಡಿಸಿ, ತಮ್ಮ ಚೀಲದ ಗಾಡಿಯ ಲೆಕ್ಕದಲ್ಲೇ, ನೇರವಾಗಿ ಡೆರಿಕ್ಕರನ್ನೇ ಕೇಳಿದರು. "ಮುಂದ ಓಡಾವ್ರೋ, ದಬ್ಬಾವ್ರೋ?"

ನಾನು ಬಾಯಿ ತೆರೆಯುವ ಮೊದಲೇ ಡೆರಿಕ್ಕರ ಮುಖ ಅರಳಿತು. "ದಬ್ಬೂದ್ರೀ!" ಎಂದರು. "ಹನ್ನೆರಡ್ ವರ್ಷ ಬರೇ ದಬ್ಬೂದು! ಕ್ಯಾಪ್ಟನ್ ಅಲ್ರೀ ನಾ!"

ಪಾಟೀಲ ಮಾಸ್ತರು ನನ್ನ ಕಡೆ ತಿರುಗಿದರು. ಅದೇ ಕ್ಷಣ ನನಗೆ ಮೆಣಸಿನ ಘಾಟು ಹತ್ತಿ ಕೆಮ್ಮು ಬಂತು. ಅಂಥ ಕೆಮ್ಮನ್ನು ನಾನು ಜೀವನದಲ್ಲಿ ಕೆಮ್ಮಿಲ್ಲ. ಕೆಮ್ಮು ನಿಲ್ಲಿಸಿ ಕಣ್ಣೊರೆಸಿಕೊಂಡು ನೋಡಿದರೆ, ಡೆರಿಕ್ಕರು ಮೌಲಾಸಾಬರ ಹೆಗಲಿಗೆ ತೋಳು ಹೆಣೆದು, ಎದುರಿಗೆ ಮೂವರು ಹಮಾಲರನ್ನು ಬಗ್ಗಿಸಿ, ಬೆನ್ನು ಹೇಗೆ ನೆಟ್ಟಗಿರಬೇಕೆಂದು ಕಲಿಸುತ್ತಿದ್ದರು. ಮೌಲಾಸಾಬರು, "ಸೊಂಟದಿಂದ ಅಲ್ಲರೀ, ತೊಡಿಯಿಂದ ಜೋರ್ ಬರಬೇಕು," ಎಂದು ಅವರಿಗೇ ತಿದ್ದಿ ಹೇಳುತ್ತಿದ್ದರು. ಮಾರುಕಟ್ಟೆಯೇ ಸುತ್ತ ನಿಂತು ನಗುತ್ತಿತ್ತು. ಶಾಲು ಹೊದಿಸಿದಾಗ ಡೆರಿಕ್ಕರ ಮುಖದಲ್ಲಿ ಕಾಣದ ಕಳೆ ಅಲ್ಲಿ ಕಂಡಿತು.

ಹಿಂದಿರುಗುವಾಗ ಜೀಪಿನಲ್ಲಿ ಅವರು, ಶಾಲೆಯಲ್ಲಿ ನೀವು ಏನು ಹೇಳಿದಿರಿ ಎಂದು ಕೇಳಿದರು. ಒಪ್ಪಿಕೊಂಡೆ. ಬೈದಿದ್ದರೆ ನನಗೆ ಅರ್ಧ ತಿಳಿಯುತ್ತಿರಲಿಲ್ಲ, ಬಚಾವಾಗುತ್ತಿದ್ದೆ. ಆದರೆ ಅವರು ನಿಧಾನವಾಗಿ, ನನಗೆ ತಿಳಿಯಲೆಂದೇ ಸಣ್ಣ ಸಣ್ಣ ಮಾತುಗಳಲ್ಲಿ ಹೇಳಿದರು. ತಮ್ಮ ತಂದೆಯೂ ಊರಿನಲ್ಲಿ ಹೀಗೇ ಹೇಳುತ್ತಿದ್ದರಂತೆ, ನನ್ನ ಮಗ ನಾಯಕ ಎಂದು. ಕುತ್ತಿಗೆಯ ಎಲುಬು ಸರಿದದ್ದಕ್ಕಿಂತ ಅದೇ ಹೆಚ್ಚು ನೋಯಿಸಿತಂತೆ. ನಾನು ಮಾಡಿದ ಕೆಲಸ ಸಾಲದೆಂದು ಅಪ್ಪನಿಗೆ ಅನಿಸಿತ್ತು, ಈಗ ನಿಮಗೂ ಅನಿಸಿತಲ್ಲ ಎಂದರು. ಇಂಗ್ಲಿಷ್ ಮಾತೊಂದು ನನಗೆ ಪೂರ್ತಿ ಅರ್ಥವಾದದ್ದು ಅದೇ ಮೊದಲು.

ಮನೆಗೆ ಬಂದು ಗಿರಿಜಾಗೆ ಹೇಳಿದೆ. "ಸುಳ್ಳ ಹೇಳಿ ದೊಡ್ಡವರನ್ನ ಮಾಡಾಕ ಅವರೇನ್ ಸಣ್ಣವರಿದ್ರೇನ್ರಿ?" ಎಂದಳು.

ಮರುವಾರ ಬ್ಯಾಡಗಿಗೆ ಹೋದೆ. ಅಷ್ಟರಲ್ಲಿ ಪಾಟೀಲ ಮಾಸ್ತರು ಹಾವೇರಿಯಿಂದ ಪೇಂಟರನ್ನು ಕರೆಸಿ, ಶಾಲೆಯ ಗೋಡೆಗೆ ಬರೆಸುತ್ತಿದ್ದರು: 'ಶಾಲೆಗೆ ಭೇಟಿ ನೀಡಿದ ಗಣ್ಯರು: ವಿಶ್ವವಿಜೇತ ನಾಯಕ ಶ್ರೀ ಡೆರಿಕ್.' ನಾನು ನಿಂತಲ್ಲೇ ಎಲ್ಲವನ್ನೂ ಒಪ್ಪಿಸಿದೆ.

"ಮಾರ್ಕೆಟ್‌ನ್ಯಾಗ ನಿಮ್ಮ ಕೆಮ್ಮು ಕೇಳಿದಾಗನ ಅನಸಿತ್ತು," ಎಂದರು ಮಾಸ್ತರು. "ಇರ್ಲಿ ಬಿಡ್ರಿ, ಗ್ವಾಡಿ ಮ್ಯಾಲ ಛಂದ ಕಾಣತೈತಿ."

"ಇಲ್ರಿ, ಅಳಸಾಕಬೇಕು," ಎಂದು ಹಟ ಹಿಡಿದೆ. ಪೇಂಟರು ಗೊಣಗುತ್ತ ಸುಣ್ಣ ಬಳಿದು, ನಾನು ಹೇಳಿದಂತೆ ಬರೆದರು: 'ಹನ್ನೆರಡು ವರ್ಷ ತಂಡದ ಮುಂದಿನ ಸಾಲಿನಲ್ಲಿ ದಬ್ಬಿದ ಶ್ರೀ ಡೆರಿಕ್.' ಎದೆ ಹಗುರವಾಯಿತು. ಸತ್ಯ ಹೇಳುವುದು ಇಷ್ಟು ಸುಲಭವೆಂದು ಮೊದಲೇ ಗೊತ್ತಿದ್ದರೆ ಎಂದುಕೊಂಡೆ.

ಆಗ ಕೆಳಗಿನ ಸಾಲು ಕಣ್ಣಿಗೆ ಬಿತ್ತು. ಅಲ್ಲಿ ನನ್ನ ಹೆಸರಿತ್ತು. ಹೆಸರಿಗೂ ಮೊದಲು, ನೀಲಿ ಅಕ್ಷರಗಳಲ್ಲಿ, 'ಭಾಷಾಂತರ: ಇಂಗ್ಲಿಷ್ ವಿದ್ವಾಂಸರಾದ'.

ಪೇಂಟರು ಬ್ರಷ್ ಅದ್ದಿಕೊಂಡೇ ಕೇಳಿದರು, "ಇದನ್ನೂ ಏನರ ತಿದ್ದೂದೈತೇನ್ರಿ?"

ನಾನು ಸ್ವಲ್ಪ ಹಿಂದೆ ಸರಿದು ನಿಂತು ನೋಡಿದೆ. ಅಕ್ಷರಗಳು ದುಂಡಗಿದ್ದವು.

"ಬ್ಯಾಡ್ರಿ," ಎಂದೆ. "ಪಾಪ, ಬೆಳಿಗ್ಗಿಂದ ದಣದೀರಿ."